ಕಿವಿಯ ಬಳಿಯ ಕಿರುದೀಪ

ಬೇಸಿಗೆಯ ರಜೆ ಮುಗಿದು ಕಾಲೇಜು ತೆರೆದ ಮೊದಲನೆಯ ವಾರ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ನಿಸ್ತಂತು ಹೆಡ್‌ಸೆಟ್ಟನ್ನು ಪ್ರಯೋಗಶಾಲೆಗೆ ತಂದನು. ಪರೀಕ್ಷೆಯ ಕಾಲದಲ್ಲಿ ಅದು ಬರಿದಾಗುವವರೆಗೆ ಪಾಠಗಳನ್ನು ಕೇಳಿ, ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಊರಿಗೆ ಹೋಗಿದ್ದನಂತೆ. ಈಗ ಗುಂಡಿಯನ್ನು ಒತ್ತಿದರೆ ದೀಪವಿಲ್ಲ; ಚಾರ್ಜರಿಗೆ ಸಿಕ್ಕಿಸಿ ಐದು ನಿಮಿಷ ಕಾದರೂ ದೀಪವಿಲ್ಲ. “ಇದು ಸತ್ತುಹೋಗಿದೆ ಸಾರ್. ಹೊಸದಕ್ಕೆ ಮನೆಯಲ್ಲಿ ದುಡ್ಡು ಕೇಳುವುದಕ್ಕೆ ಧೈರ್ಯವಿಲ್ಲ” ಎಂದನು. ನಾವು ಅದನ್ನು ಚಾರ್ಜರಿಗೆ ಸೇರಿಸಿ ಕಣ್ಣೆದುರಿಗೇ ಮೇಜಿನ ಮೇಲೆ ಇಟ್ಟುಕೊಂಡೆವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಣ್ಣ ಕೆಂಪು ದೀಪವೊಂದು ಹೊತ್ತಿಕೊಂಡಿತು. ಆ ಹೆಡ್‌ಸೆಟ್ಟು ಇಂದಿಗೂ ಕೆಲಸ ಮಾಡುತ್ತಿದೆ.

ಇದನ್ನು ನೋಡುತ್ತಿದ್ದ ಇನ್ನೊಬ್ಬನು ತನ್ನದನ್ನೂ ಮುಂದಿಟ್ಟನು. ಅದರ ದೀಪ ಪ್ರತಿ ರಾತ್ರಿಯೂ ತಪ್ಪದೆ ಹಸಿರಾಗುತ್ತಿತ್ತು. ಆದರೆ ಮಾರನೆಯ ದಿನ ಎರಡು ಗಂಟೆ ಕೇಳುವುದರೊಳಗೆ ಸದ್ದು ನಿಂತುಹೋಗುತ್ತಿತ್ತು. ಒಂದರಲ್ಲಿ ದೀಪವಿಲ್ಲದಿದ್ದರೂ ಜೀವವಿತ್ತು. ಇನ್ನೊಂದರಲ್ಲಿ ದೀಪವಿದ್ದರೂ ಕಸುವು ಉಡುಗಿತ್ತು. ಹಾಗಾದರೆ ಈ ದೀಪ ನಮಗೆ ತಿಳಿಸುವುದಾದರೂ ಏನನ್ನು? ಏನನ್ನು ತಿಳಿಸದೆ ಬಿಡುತ್ತದೆ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ. ಉತ್ತರಕ್ಕೆ ಬೇಕಾದ ಭೌತವಿಜ್ಞಾನವೆಲ್ಲವೂ ಪಿಯುಸಿ ತರಗತಿಯ ಪಠ್ಯದಲ್ಲಿಯೇ ಇದೆ.

ಕೋಶದಲ್ಲಿ ಇರುವ ಬಂಡವಾಳ

ಹೆಡ್‌ಸೆಟ್ಟಿನೊಳಗೆ ಹೆಬ್ಬೆರಳಿನ ಉಗುರಿನಿಂದ ಹಿಡಿದು ಸಣ್ಣ ಬೆಂಕಿಪೊಟ್ಟಣದವರೆಗೆ ಬೇರೆಬೇರೆ ಗಾತ್ರದ ಲಿಥಿಯಮ್ ಅಯಾನು ಕೋಶವಿರುತ್ತದೆ. ಇದರ ಒಂದು ಧ್ರುವದಲ್ಲಿ ಗ್ರಾಫೈಟು, ಇನ್ನೊಂದರಲ್ಲಿ ಸಾಮಾನ್ಯವಾಗಿ ಲಿಥಿಯಮ್ ಕೋಬಾಲ್ಟ್ ಆಕ್ಸೈಡು. ನಡುವೆ ಒಂದು ತೆಳುವಾದ ಸರಂಧ್ರ ಪೊರೆ ಮತ್ತು ಅಯಾನುಗಳು ಓಡಾಡಲು ಅನುಕೂಲವಾದ ದ್ರಾವಣ. ಕೋಶವನ್ನು ತುಂಬುವಾಗ ಲಿಥಿಯಮ್ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕುಳಿತುಕೊಳ್ಳುತ್ತವೆ. ಕೋಶ ಕೆಲಸಮಾಡುವಾಗ ಅವು ಒಳದಾರಿಯಲ್ಲಿ ಹಿಂದಿರುಗುತ್ತವೆ. ಅವುಗಳಿಗೆ ಸಮನಾದ ಎಲೆಕ್ಟ್ರಾನುಗಳು ಹೊರಗಿನ ಮಂಡಲದ ಮೂಲಕ ಹಾಯ್ದುಬರುತ್ತವೆ. ಹೀಗೆ ಬರುವ ಪ್ರವಾಹವೇ ಹೆಡ್‌ಸೆಟ್ಟನ್ನು ನಡೆಸುವುದು. ಈ ಬಗೆಯ ಕೋಶ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಇಂತಹ ಒಂದು ಕೋಶದಲ್ಲಿ ಎಷ್ಟು ಶಕ್ತಿ ಅಡಗಿರಬಹುದು? ಕುತ್ತಿಗೆಯ ಸುತ್ತ ಹಾಕಿಕೊಳ್ಳುವ ಹೆಡ್‌ಸೆಟ್ಟೊಂದರ ಕೋಶದ ಮೇಲೆ 120 ಮಿಲಿಆಂಪಿಯರ್-ಗಂಟೆ, 3.7 ವೋಲ್ಟ್ ಎಂದು ಅಚ್ಚಾಗಿದೆಯೆಂದು ಭಾವಿಸೋಣ. 0.12 ಆಂಪಿಯರ್ ಪ್ರವಾಹ 3600 ಸೆಕೆಂಡು ಹರಿದರೆ 432 ಕೂಲಾಮ್ ವಿದ್ಯುದಂಶವಾಗುತ್ತದೆ. ಇದನ್ನು 3.7 ವೋಲ್ಟಿನಿಂದ ಗುಣಿಸಿದರೆ ಸುಮಾರು 1600 ಜೂಲ್ ಬರುವುದು. ಇಷ್ಟು ಶಕ್ತಿಯಿಂದ 200 ಗ್ರಾಮ್ ನೀರನ್ನು, ಎಂದರೆ ಒಂದು ಲೋಟ ನೀರನ್ನು, ಪೂರ್ತಿ 2 ಡಿಗ್ರಿಗಳಷ್ಟು ಕೂಡ ಬಿಸಿಮಾಡಲಾಗುವುದಿಲ್ಲ! ಒಂದು ಲೋಟ ನೀರನ್ನು ಬೆಚ್ಚಗೆ ಮಾಡಲಾರದ ಬಂಡವಾಳದಿಂದ ಹೆಡ್‌ಸೆಟ್ಟು ಹತ್ತು ಹನ್ನೆರಡು ಗಂಟೆ ಹಾಡಬೇಕು, ಮಾತಾಡಬೇಕು, ದೀಪವನ್ನೂ ಬೆಳಗಿಸಬೇಕು. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಪ್ರತಿಯೊಂದು ಮಿಲಿಆಂಪಿಯರಿಗೂ ಬೆಲೆಯುಂಟು.

ಕೋಶವನ್ನು ತುಂಬುವ ಕ್ರಮ

ಕಿರಿದಾದ ಕತ್ತಿನ ಸೀಸೆಗೆ ಆಲಿಕೆಯಿಟ್ಟು ಎಣ್ಣೆ ಹೊಯ್ಯುವವರನ್ನು ವಾಚಕರು ನೋಡಿರಬಹುದು. ಮೊದಲು ಧಾರೆ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡಲು ತುಸುವೇ ಹೊಯ್ಯುವರು. ಅನಂತರ ಧಾರಾಳವಾಗಿ ಸುರಿಯುವರು. ಎಣ್ಣೆ ಕತ್ತಿನ ಮಟ್ಟಕ್ಕೆ ಬಂದೊಡನೆ ಕೈಯನ್ನು ಬಿಗಿಹಿಡಿದು ತೊಟ್ಟು ತೊಟ್ಟಾಗಿ ಬಿಡುವರು. ಲಿಥಿಯಮ್ ಕೋಶವನ್ನು ತುಂಬುವುದೂ ಇದೇ ಮೂರು ಹಂತಗಳಲ್ಲಿ.

ಕೋಶದ ವಿಭವಾಂತರ ಸುಮಾರು 3 ವೋಲ್ಟಿಗಿಂತ ಕೆಳಗೆ ಇಳಿದಿದ್ದರೆ ಹೆಡ್‌ಸೆಟ್ಟಿನೊಳಗಿನ ನಿಯಂತ್ರಕವು ಅದಕ್ಕೆ ಪೂರ್ಣ ಪ್ರವಾಹವನ್ನು ಕೊಡುವುದಿಲ್ಲ. ಅತಿಯಾಗಿ ಬರಿದಾದ ಕೋಶಕ್ಕೆ ಒಮ್ಮೆಲೇ ಹೆಚ್ಚು ಪ್ರವಾಹವನ್ನು ನುಗ್ಗಿಸಿದರೆ ಅದು ಕೆಡಬಹುದು. ಆದುದರಿಂದ ಸಾಮಾನ್ಯ ಪ್ರವಾಹದ ಹತ್ತನೆಯ ಒಂದು ಪಾಲಿನಷ್ಟನ್ನು ಮಾತ್ರ ಬಿಡುತ್ತದೆ. ಇದು ಮೊದಲನೆಯ ಹಂತ. ಕೋಶ ಚೇತರಿಸಿಕೊಂಡ ಮೇಲೆ ಎರಡನೆಯದು: ಒಂದೇ ಪ್ರಮಾಣದ ಪ್ರವಾಹ, ನಮ್ಮ ಉದಾಹರಣೆಯ ಕೋಶಕ್ಕೆ 60 ಮಿಲಿಆಂಪಿಯರ್ ಎನ್ನೋಣ, ಎಡೆಬಿಡದೆ ಹರಿಯುತ್ತದೆ, ವಿಭವಾಂತರ ಮೆಲ್ಲಮೆಲ್ಲನೆ ಏರುತ್ತದೆ. ಅದು 4.2 ವೋಲ್ಟನ್ನು ಮುಟ್ಟಿದೊಡನೆ ಮೂರನೆಯ ಹಂತ: ವಿಭವಾಂತರವನ್ನು ಅಲ್ಲಿಯೇ ಕಟ್ಟಿಹಿಡಿಯಲಾಗುತ್ತದೆ, ಪ್ರವಾಹವು ತಾನಾಗಿ ತಗ್ಗುತ್ತಾ ಬರುತ್ತದೆ. ಮೊದಲಿದ್ದುದರ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಅದು ಇಳಿದಾಗ ನಿಯಂತ್ರಕವು ತುಂಬುವುದನ್ನು ನಿಲ್ಲಿಸಿ, ಕೆಂಪು ದೀಪವನ್ನು ಆರಿಸುವುದು ಅಥವಾ ಹಸಿರು ಇಲ್ಲವೆ ನೀಲಿ ದೀಪವನ್ನು ಹೊತ್ತಿಸುವುದು.

ನಮ್ಮ ಮೊದಲ ವಿದ್ಯಾರ್ಥಿಯ ಹೆಡ್‌ಸೆಟ್ಟು ಅರ್ಧ ಗಂಟೆ ಕತ್ತಲಲ್ಲಿದ್ದುದು ಏಕೆಂಬುದು ಈಗ ಸ್ಪಷ್ಟವಾಗುತ್ತದೆ. ಆಗ ಅದು ಮೊದಲನೆಯ ಹಂತದಲ್ಲಿತ್ತು. ಅನೇಕ ಹೆಡ್‌ಸೆಟ್ಟುಗಳಲ್ಲಿ ದೀಪವನ್ನು ಆಳುವುದು ಯಂತ್ರದ ಮುಖ್ಯ ಚಿಪ್ಪು. ಕೋಶಕ್ಕೆ ಕನಿಷ್ಠ ವಿಭವಾಂತರ ಬರುವವರೆಗೆ ಆ ಚಿಪ್ಪು ಎಚ್ಚರಗೊಳ್ಳುವುದೇ ಇಲ್ಲ. ದೀಪ ಇಲ್ಲದಿದ್ದಾಗಲೂ ಕೋಶಕ್ಕೆ ತೊಟ್ಟು ತೊಟ್ಟಾಗಿ ವಿದ್ಯುತ್ತು ಇಳಿಯುತ್ತಿತ್ತು.

ಎರಡನೆಯವನ ಹಸಿರು ದೀಪದ ಗುಟ್ಟೂ ಇಲ್ಲಿಯೇ ಇದೆ. ಹಸಿರು ದೀಪದ ಅರ್ಥ ‘ಕೋಶದಲ್ಲಿ 120 ಮಿಲಿಆಂಪಿಯರ್-ಗಂಟೆ ಇದೆ’ ಎಂದಲ್ಲ. ‘ಒಳಗೆ ಹೋಗುವ ಪ್ರವಾಹ ತಗ್ಗಿದೆ, ಇನ್ನು ಹಿಡಿಸುವುದಿಲ್ಲ’ ಎಂದು ಮಾತ್ರ. ಕೊಡ ತುಂಬಿದೆ ಎಂಬುದನ್ನು ದೀಪ ಹೇಳುತ್ತದೆ. ಕೊಡ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಕೋಶಕ್ಕೆ ವಯಸ್ಸಾದಂತೆ ಕೊಡ ಕಿರಿದಾಗುತ್ತ ಬರುತ್ತದೆ. ಕಿರಿದಾದ ಕೊಡವೂ ತುಂಬುತ್ತದೆ, ಅದೂ ಮೊದಲಿಗಿಂತ ಬೇಗನೆ. ಆಗಲೂ ಹಸಿರು ದೀಪ ಹೊತ್ತಿಕೊಳ್ಳುತ್ತದೆ.

ದೀಪದ ಬಣ್ಣ

ಈ ಕಿರುದೀಪದಲ್ಲಿ ಕಾಯುವ ತಂತಿಯಿಲ್ಲ. ಇದು ಎಲ್‌ಇಡಿ, ಎಂದರೆ ಬೆಳಕನ್ನು ಹೊಮ್ಮಿಸುವ ಅರೆವಾಹಕ ಡಯೋಡು. ಇದರ ಹುಟ್ಟಿಗೂ ನಿಸ್ತಂತು ವಿದ್ಯೆಗೂ ಹಳೆಯ ನಂಟುಂಟು. ರೇಡಿಯೋ ಅಲೆಗಳನ್ನು ಗುರುತಿಸಲು ಆರಂಭಕಾಲದಲ್ಲಿ ಹರಳುಗಳನ್ನು ಬಳಸುತ್ತಿದ್ದರು. ಗೆಲೀನ ಹರಳಿನ ಅಂತಹ ಒಂದು ಸಾಧನಕ್ಕೆ ನಮ್ಮ ಜಗದೀಶಚಂದ್ರ ಬೋಸರಿಗೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆತಿತ್ತು. 1907ರಲ್ಲಿ ಮಾರ್ಕೋನಿಯ ಬಳಿ ಕೆಲಸಮಾಡುತ್ತಿದ್ದ ಹೆನ್ರಿ ರೌಂಡ್ ಎಂಬಾತನು ಕಾರ್ಬೊರಂಡಮ್ ಹರಳಿಗೆ ವಿಭವಾಂತರವನ್ನು ಕೊಟ್ಟಾಗ ಅದು ಹಳದಿಯಾಗಿ ಹೊಳೆದುದನ್ನು ಕಂಡು ವರದಿಮಾಡಿದನು. ನಿಸ್ತಂತು ವಾರ್ತೆಯನ್ನು ಹಿಡಿಯಲು ತಂದ ಹರಳೇ ಬೆಳಕನ್ನು ಸೂಸಿತ್ತು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ, ಬಳಕೆಗೆ ಒದಗುವ ಡಯೋಡನ್ನು 1962ರಲ್ಲಿ ನಿಕ್ ಹೊಲೊನ್ಯಾಕ್ ನಿರ್ಮಿಸಿದನು. ನೀಲಿಗಾಗಿ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಇವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು.

ಬಣ್ಣಕ್ಕೂ ವಿಭವಾಂತರಕ್ಕೂ ಇರುವ ಸಂಬಂಧ ಗಮನಾರ್ಹವಾದುದು. ಒಂದು ಫೋಟಾನಿನ ಶಕ್ತಿಯನ್ನು ಎಲೆಕ್ಟ್ರಾನ್-ವೋಲ್ಟುಗಳಲ್ಲಿ ಪಡೆಯಬೇಕಾದರೆ 1240ನ್ನು ನ್ಯಾನೊಮೀಟರುಗಳಲ್ಲಿ ಹೇಳಿದ ತರಂಗಾಂತರದಿಂದ ಭಾಗಿಸಿದರೆ ಸಾಕು. 620 ನ್ಯಾನೊಮೀಟರಿನ ಕೆಂಪಿಗೆ 2.0; 460 ನ್ಯಾನೊಮೀಟರಿನ ನೀಲಿಗೆ 2.7. ಆದುದರಿಂದ ಕೆಂಪು ಡಯೋಡು ಸುಮಾರು 2 ವೋಲ್ಟಿಗೆ ಬೆಳಗಿದರೆ, ನೀಲಿಗೆ ಹತ್ತಿರ ಹತ್ತಿರ 3 ವೋಲ್ಟು ಬೇಕು. ಕೋಶವು ಬರಿದಾಗುತ್ತ 3 ವೋಲ್ಟಿನ ಕಡೆಗೆ ಇಳಿದಾಗ ನೀಲಿ ದೀಪ ಮಂಕಾಗುವ ಸಂಭವವಿದೆ; ಕೆಂಪು ದೀಪಕ್ಕೆ ಆ ಭಯವಿಲ್ಲ. ಅಪಾಯಕ್ಕೆ ಕೆಂಪು ಎಂಬ ರೂಢಿ ಹಳೆಯದು. ಇಲ್ಲಿ ಭೌತವಿಜ್ಞಾನವೂ ಆ ರೂಢಿಗೆ ಒತ್ತಾಸೆಯಾಗಿ ನಿಂತಿದೆ.

ಬಣ್ಣಗಳ ಅರ್ಥ ಎಲ್ಲ ತಯಾರಕರಲ್ಲಿಯೂ ಒಂದೇ ಅಲ್ಲ. ಬಹುಮಟ್ಟಿಗೆ ಕಂಡುಬರುವ ಪದ್ಧತಿ ಹೀಗೆ: ಸ್ಥಿರವಾದ ಕೆಂಪು ಎಂದರೆ ಕೋಶ ತುಂಬುತ್ತಿದೆ, ಕೆಂಪು ಮತ್ತು ನೀಲಿ ಒಂದಾದ ಮೇಲೊಂದು ಬೇಗಬೇಗನೆ ಮಿನುಗಿದರೆ ಹೆಡ್‌ಸೆಟ್ಟು ಹೊಸ ಫೋನಿನ ಜೊತೆ ಸಂಬಂಧ ಬೆಳೆಸಲು ಕಾದಿದೆ, ನೀಲಿ ನಿಧಾನವಾಗಿ ಮಿನುಗಿದರೆ ಸಂಬಂಧ ಏರ್ಪಟ್ಟಿದೆ, ಕೆಂಪು ಮಿನುಗಿದರೆ ಕೋಶ ಬರಿದಾಗುತ್ತಿದೆ. ಜೊತೆಗೆ ಬಂದ ಕೈಪಿಡಿಯೇ ಈ ವಿಷಯದಲ್ಲಿ ಪ್ರಮಾಣ, ಅದನ್ನು ಎಸೆಯಬಾರದು.

ಮಿನುಗುವುದೇಕೆ?

ದೀಪ ಮಿನುಗುವುದು ಕಣ್ಣನ್ನು ಸೆಳೆಯುವುದಕ್ಕೆ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಲೆಕ್ಕದಿಂದ ಕಾಣಬಹುದು. ನಮ್ಮ ಉದಾಹರಣೆಯ ಹೆಡ್‌ಸೆಟ್ಟು ಹಾಡುವಾಗ ದೀಪವನ್ನು ಬಿಟ್ಟು 8 ಮಿಲಿಆಂಪಿಯರ್ ಎಳೆದುಕೊಳ್ಳುತ್ತದೆ ಎನ್ನೋಣ. 120ನ್ನು 8ರಿಂದ ಭಾಗಿಸಿದರೆ 15 ಗಂಟೆ. ಈಗ 2 ಮಿಲಿಆಂಪಿಯರಿನ ದೀಪವನ್ನು ಸದಾ ಉರಿಸಿದರೆ ಒಟ್ಟು ವೆಚ್ಚ 10 ಮಿಲಿಆಂಪಿಯರ್. ಆಯಸ್ಸು 12 ಗಂಟೆಗೆ ಇಳಿಯಿತು. ಒಂದು ಚುಕ್ಕೆ ಬೆಳಕಿಗಾಗಿ ಮೂರು ಗಂಟೆ ನಷ್ಟ!

ಅದೇ ದೀಪವನ್ನು ಐದು ಸೆಕೆಂಡಿಗೊಮ್ಮೆ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ಕಾಲ ಮಾತ್ರ ಹೊತ್ತಿಸೋಣ. ಆಗ ದೀಪ ಉರಿಯುವುದು ಒಟ್ಟು ಕಾಲದ 250ನೆಯ ಒಂದು ಪಾಲು. ಅದರ ಸರಾಸರಿ ವೆಚ್ಚ 0.008 ಮಿಲಿಆಂಪಿಯರ್. ಹದಿನೈದು ಗಂಟೆಗಳಲ್ಲಿ ಆಗುವ ನಷ್ಟ ಒಂದು ನಿಮಿಷಕ್ಕೂ ಕಡಮೆ. ಆದರೂ ಆ ಕ್ಷಣದ ಮಿಂಚು ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತದೆ.

ರೇಡಿಯೋ ಭಾಗದ ಮಿತವ್ಯಯವೂ ಇದೇ ತತ್ತ್ವದ ಮೇಲೆ ನಿಂತಿದೆ. ಬ್ಲೂಟೂತ್ ಎಂಬ ಈ ನಿಸ್ತಂತು ಪದ್ಧತಿಯ ಹೆಸರು 10ನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರಿನಿಂದ ಬಂದುದು. ಇದರಲ್ಲಿ ಬಳಸುವ ಅಲೆಗಳ ಆವರ್ತಾಂಕ 2.4 ಗಿಗಾಹರ್ಟ್ಸಿನ ಆಸುಪಾಸು. ತರಂಗಾಂತರ ಸುಮಾರು 12 ಸೆಂಟಿಮೀಟರು. ಸಂಗೀತವನ್ನು ಕಳುಹಿಸುವ ಸಾಮಾನ್ಯ ಬ್ಲೂಟೂತಿನಲ್ಲಿ ಕಾಲವನ್ನು ಒಂದು ಸೆಕೆಂಡಿನ 1600ನೆಯ ಒಂದು ಪಾಲಿನಷ್ಟು ಚಿಕ್ಕ ಚೂರುಗಳಾಗಿ ಕತ್ತರಿಸಿ, 79 ದಾರಿಗಳ ನಡುವೆ ಜಿಗಿಯುತ್ತ ವಾರ್ತೆಯನ್ನು ಸಾಗಿಸುವರು. ಫೋನು ಸಂಗೀತವನ್ನು ಗಂಟುಗಂಟಾಗಿ ಕಟ್ಟಿ ಕಳುಹಿಸುತ್ತದೆ. ಹೆಡ್‌ಸೆಟ್ಟು ಆ ಗಂಟನ್ನು ನೆನಪಿನಲ್ಲಿ ಇಟ್ಟುಕೊಂಡು ಬಿಡಿಬಿಡಿಸಿ ನುಡಿಸುತ್ತದೆ. ಎರಡು ಗಂಟುಗಳ ನಡುವಣ ಬಿಡುವಿನಲ್ಲಿ ರೇಡಿಯೋ ಭಾಗ ಕಣ್ಣುಮುಚ್ಚಿಕೊಳ್ಳಬಹುದು. ಸಂಗೀತ ನಿಂತಿರುವಾಗಲಂತೂ ಎರಡೂ ಕಡೆಯವು ಮೊದಲೇ ಒಪ್ಪಿಕೊಂಡ ಕಾಲಕ್ಕೆ ಮಾತ್ರ ಎಚ್ಚತ್ತು, ‘ಇದ್ದೀಯಾ?’ ‘ಇದ್ದೇನೆ’ ಎಂದು ವಿಚಾರಿಸಿಕೊಂಡು ಮತ್ತೆ ಮಲಗುತ್ತವೆ. ಬಹುಕಾಲ ಯಾರೂ ಕರೆಯದಿದ್ದರೆ ಅನೇಕ ಹೆಡ್‌ಸೆಟ್ಟುಗಳು ತಾವಾಗಿಯೇ ಆರಿಹೋಗುವುವು. ಇದು ದೋಷವಲ್ಲ, ಜಾಣತನ.

ಬಳಸುವವನೂ ಈ ಮಿತವ್ಯಯಕ್ಕೆ ನೆರವಾಗಬಹುದು. 2.4 ಗಿಗಾಹರ್ಟ್ಸಿನ ಅಲೆಗಳನ್ನು ನೀರು, ಆದಕಾರಣ ನಮ್ಮ ದೇಹವೂ, ಹೀರಿಕೊಳ್ಳುತ್ತದೆ. ಫೋನು ದೂರವಿದ್ದರೆ ಅಥವಾ ನಡುವೆ ಗೋಡೆಯೋ ದೇಹವೋ ಅಡ್ಡಬಂದರೆ ಗಂಟುಗಳು ದಾರಿಯಲ್ಲಿ ಹಾಳಾಗಿ ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ಎರಡೂ ಕಡೆ ಹೆಚ್ಚು ಹೊತ್ತು ಎಚ್ಚರವಿರಬೇಕಾಗುತ್ತದೆ. ಧ್ವನಿಯನ್ನು ಏರಿಸಿದಷ್ಟೂ ವರ್ಧಕದ ವೆಚ್ಚ ಏರುವುದು. ಹೊರಗಿನ ಗದ್ದಲವನ್ನು ಅಳಿಸುವ ಏರ್ಪಾಡು ಇದ್ದರೆ ಅದಕ್ಕೂ ಬೇರೆ ವೆಚ್ಚ. ನಿಶ್ಶಬ್ದವಾದ ಕೋಣೆಯಲ್ಲಿ ಅದನ್ನು ಆರಿಸಿಡುವುದು ಮೇಲು. ಧ್ವನಿಯನ್ನು ತಗ್ಗಿಸಿದರೆ ಕೋಶದ ಜೊತೆಗೆ ಕಿವಿಯೂ ಉಳಿಯುವುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಕೆಂಪು ಎಚ್ಚರಿಕೆಯ ಅರ್ಥ

ಹೆಡ್‌ಸೆಟ್ಟು ಕೋಶದ ಒಳಗನ್ನು ನೇರವಾಗಿ ನೋಡಲಾರದು. ಸರಳವಾದ ಹೆಡ್‌ಸೆಟ್ಟುಗಳು ಅಳೆಯುವುದು ಧ್ರುವಗಳ ನಡುವಣ ವಿಭವಾಂತರವನ್ನು ಮಾತ್ರ. ಅದೂ ಕೋಶ ಬರಿದಾಗುವಾಗ ಒಂದೇ ಸಮನೆ ಇಳಿಯುವುದಿಲ್ಲ. ಬಹಳ ಹೊತ್ತು 3.9ರಿಂದ 3.6 ವೋಲ್ಟುಗಳ ನಡುವೆ ನಿಧಾನವಾಗಿ ಸರಿದು, ಕೊನೆಗೆ ಕಡಿದಾಗಿ ಬೀಳುವುದು. ಫೋನಿನಲ್ಲಿ ಕಾಣುವ ಶೇಕಡಾ ಲೆಕ್ಕವು ಬಹು ಹೊತ್ತು ನಿಂತಂತಿದ್ದು ಆಮೇಲೆ ದಿಢೀರನೆ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಇದರ ಮೇಲೆ ಆಂತರಿಕ ರೋಧದ ಪ್ರಭಾವ ಬೇರೆ. ಕೋಶದ ವಿದ್ಯುಚ್ಚಾಲಕ ಬಲದಿಂದ ಪ್ರವಾಹ ಮತ್ತು ಆಂತರಿಕ ರೋಧಗಳ ಗುಣಲಬ್ಧವನ್ನು ಕಳೆದರೆ ಉಳಿಯುವುದೇ ಧ್ರುವಗಳಲ್ಲಿ ದೊರೆಯುವ ವಿಭವಾಂತರ. ವಿದ್ಯುಚ್ಚಾಲಕ ಬಲ 3.50 ವೋಲ್ಟಿರುವ ಕೋಶದಿಂದ ಅಬ್ಬರದ ವಾದ್ಯಗಳು ಮೊಳಗಿದ ಕ್ಷಣದಲ್ಲಿ 40 ಮಿಲಿಆಂಪಿಯರ್ ಹರಿಯಿತೆನ್ನೋಣ. ರೋಧ 1 ಓಮ್ ಇರುವ ಹೊಸ ಕೋಶದಲ್ಲಿ ವಿಭವಾಂತರ 3.46ಕ್ಕೆ ಇಳಿಯುವುದು, ರೋಧ 4 ಓಮ್ ಆಗಿರುವ ಹಳೆಯ ಕೋಶದಲ್ಲಿ 3.34ಕ್ಕೆ. ಎಚ್ಚರಿಕೆಯ ಮಟ್ಟ 3.4 ವೋಲ್ಟ್ ಆಗಿದ್ದರೆ ಹೊಸತರಲ್ಲಿ ದೀಪ ಸುಮ್ಮನಿರುವುದು, ಹಳೆಯದರಲ್ಲಿ ಕೆಂಪಾಗಿ ಮಿನುಗುವುದು. ಜೋರಾದ ಹಾಡಿನಲ್ಲಿ ಕಾಣಿಸಿಕೊಂಡ ಕೆಂಪು ದೀಪ ಮೆಲುದನಿಯ ಮಾತು ಬಂದಾಗ ಮಾಯವಾದರೆ ಆಶ್ಚರ್ಯಪಡಬೇಕಾಗಿಲ್ಲ. ನಮ್ಮ ಎರಡನೆಯ ವಿದ್ಯಾರ್ಥಿಯ ಕೋಶದಲ್ಲಿ ಕೊಡ ಕಿರಿದಾಗಿದ್ದುದಲ್ಲದೆ ಅದರ ಬಾಯಿಯೂ ಇಕ್ಕಟ್ಟಾಗಿತ್ತು.

ಗಡಿಯಾರದ ಸಾಕ್ಷಿ

ಹಾಗಾದರೆ ಕೋಶದ ನಿಜವಾದ ಸ್ಥಿತಿಯನ್ನು ತಿಳಿಯುವುದು ಹೇಗೆ? ದೀಪ ಹೇಳದ ಮಾತನ್ನು ಗಡಿಯಾರ ಹೇಳುತ್ತದೆ. ಹೆಡ್‌ಸೆಟ್ಟು ಹೊಸದಾಗಿರುವಾಗಲೇ ಅದನ್ನು ಪೂರ್ತಿ ತುಂಬಿ, ಧ್ವನಿಯನ್ನು ನಡುಮಟ್ಟದಲ್ಲಿಟ್ಟು, ಕೆಂಪು ಎಚ್ಚರಿಕೆ ಬರುವವರೆಗೆ ಎಷ್ಟು ಗಂಟೆ ಆಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಕೋಶದ ಮೇಲೆ ಅಚ್ಚಾದ ಸಂಖ್ಯೆಯನ್ನು ಈ ಗಂಟೆಗಳಿಂದ ಭಾಗಿಸಿದರೆ ಸರಾಸರಿ ಪ್ರವಾಹವೂ ಸ್ಥೂಲವಾಗಿ ದೊರೆಯುವುದು. ನಾಲ್ಕು ತಿಂಗಳಿಗೊಮ್ಮೆ ಅದೇ ಧ್ವನಿಮಟ್ಟದಲ್ಲಿ ಪ್ರಯೋಗವನ್ನು ಪುನಃ ಮಾಡಿ. ಮೊದಲು 15 ಗಂಟೆ ಇದ್ದುದು 12ಕ್ಕೆ ಇಳಿದರೆ ಕೋಶದ ಹಿಡಿತ ಐದನೆಯ ಒಂದು ಪಾಲು ಕುಗ್ಗಿದೆಯೆಂದರ್ಥ. ಕೆಲವು ನೂರು ಸಲ ತುಂಬಿ ಬರಿದುಮಾಡಿದ ಕೋಶದಲ್ಲಿ ಇದು ಸಹಜ. ಕೆಲವೇ ತಿಂಗಳುಗಳಲ್ಲಿ ಹೀಗಾದರೆ ಬಳಕೆಯಲ್ಲಿ ಎಲ್ಲಿಯೋ ತಪ್ಪಿದೆ.

ತಪ್ಪುಗಳಲ್ಲಿ ಮುಖ್ಯವಾದುವು ಎರಡು. ಮೊದಲನೆಯದು, ‘ಪೂರ್ತಿ ಬರಿದಾದ ಮೇಲೆಯೇ ತುಂಬಬೇಕು’ ಎಂಬ ನಂಬಿಕೆ. ಇದು ಹಳೆಯ ನಿಕಲ್-ಕ್ಯಾಡ್ಮಿಯಮ್ ಕೋಶಗಳ ಕಾಲದ್ದು. ಲಿಥಿಯಮ್ ಕೋಶಕ್ಕೆ ಅನ್ವಯಿಸದು. ಕೆಂಪು ದೀಪ ಕಂಡೊಡನೆ ತುಂಬುವುದೇ ಸರಿ. ಎರಡನೆಯದು, ಬಿಸಿಯ ಅಲಕ್ಷ್ಯ. ಪೂರ್ತಿ ತುಂಬಿದ ಕೋಶವನ್ನು ಬಿಸಿಲಿನಲ್ಲಿಯೋ ಮುಚ್ಚಿದ ಕಾರಿನಲ್ಲಿಯೋ ಇಟ್ಟರೆ ಅದು ಬೇಗ ಮುದಿಯಾಗುವುದು. ಬಹುಕಾಲ ಬಳಸದೆ ಇಡಬೇಕಾದಾಗ ಅರ್ಧದಷ್ಟು ತುಂಬಿ ತಂಪಾದ ಕಡೆ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ನಮ್ಮ ಮೊದಲ ವಿದ್ಯಾರ್ಥಿ ಮಾಡದೆ ಬಿಟ್ಟದ್ದು ಇದನ್ನೇ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಚಾರ್ಜರಿಗೆ ಸೇರಿಸಿ ಒಂದು ಗಂಟೆಯಾದರೂ ದೀಪ ಬಾರದಿದ್ದರೆ ಬಿಟ್ಟುಬಿಡಿ. ಹೊರಗಿನಿಂದ ನೇರವಾಗಿ ತಂತಿ ಕೊಟ್ಟು ಕೋಶವನ್ನು ಬದುಕಿಸುವ ಸಾಹಸ ಬೇಡ. ಹೆಡ್‌ಸೆಟ್ಟಿನ ಮೈ ಉಬ್ಬಿದ್ದರೆ, ಕೈ ಸುಡುವಷ್ಟು ಕಾದರೆ ಅಥವಾ ಸಿಹಿಯಾದ ಘಾಟುವಾಸನೆ ಬಂದರೆ ದೀಪ ಹಸಿರಾಗಿದ್ದರೂ ಅದನ್ನು ಕೂಡಲೇ ಬಳಕೆಯಿಂದ ತೆಗೆಯಬೇಕು. ಉಬ್ಬಿದ ಕೋಶವನ್ನು ಚುಚ್ಚುವುದು, ಒತ್ತುವುದು, ಕಸದ ಬುಟ್ಟಿಗೆ ಹಾಕುವುದು ಎಲ್ಲವೂ ಬೆಂಕಿಗೆ ಆಹ್ವಾನ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಅವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಸುವವನ ಕರ್ತವ್ಯ.

ಎರಡನೆಯ ವಿದ್ಯಾರ್ಥಿ ತನ್ನ ಹೆಡ್‌ಸೆಟ್ಟಿನ ಲೆಕ್ಕವನ್ನು ಬರೆದು ತಂದಾಗ, ಹೊಸದಿದ್ದಾಗ ಹತ್ತು ಗಂಟೆ ಬರುತ್ತಿದ್ದುದು ಎರಡಕ್ಕೆ ಇಳಿದಿತ್ತು. ಅವನು ಹೆಡ್‌ಸೆಟ್ಟನ್ನು ಎಸೆಯಲಿಲ್ಲ. ದುರಸ್ತಿಯವರಲ್ಲಿಗೆ ಒಯ್ದು, ಅಂಥದೇ ಹೊಸ ಕೋಶವನ್ನು ಹಾಕಿಸಿಕೊಂಡನು. ಅದಕ್ಕೆ ತಗುಲಿದುದು ಹೊಸ ಹೆಡ್‌ಸೆಟ್ಟಿನ ಬೆಲೆಯ ಒಂದು ಸಣ್ಣ ಪಾಲು. ಈಗಲೂ ಅವನ ದೀಪ ರಾತ್ರಿ ಹಸಿರಾಗುತ್ತದೆ. ಆದರೆ ಅವನು ಅದನ್ನು ನೋಡಿ ಸುಮ್ಮನಾಗುವುದಿಲ್ಲ; ಪುಸ್ತಕದಲ್ಲಿ ಗಂಟೆಗಳನ್ನು ಬರೆದಿಡುತ್ತಾನೆ.